ಚಿಲಕವಿಲ್ಲದ ಚಾವಡಿ

ಗುರುಪಾದಪ್ಪ ಗೌಡರನ್ನು ಬೈಯಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಬೈಯಲು ನನಗೂ ಮುಖವಿಲ್ಲ.

ಗಲ್ಫಿನ ಮುಐದರ್ ಎಂಬಲ್ಲಿ ಒಂದು ವಿಲ್ಲಾದಲ್ಲಿ ನಾವು ಬಾಗಲಕೋಟೆ ಕಡೆಯ ಒಂಬತ್ತು ಜನ. ಎಲ್ಲರಿಗಿಂತ ಹಿರಿಯರು ಗೌಡರು, ಪೈಪ್‌ಲೈನ್ ಕೆಲಸದ ಫೋರ್‌ಮನ್. ಅವರ ಮುತ್ತಜ್ಜ ಇಂಗ್ಲಿಷರ ಕಾಲದ ಪೊಲೀಸ್ ಪಾಟೀಲ. ಬೈಗುಳ, ಹೊಡೆದಾಟದಂಥ ಸಣ್ಣ ತಂಟೆಗಳನ್ನು ತಾನೇ ವಿಚಾರಿಸಿ, ತಪ್ಪು ಮಾಡಿದವನನ್ನು ಒಂದು ದಿನ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರವನ್ನು ಆ ಸರಕಾರ ಕಾಯ್ದೆ ಮಾಡಿ ಅವನ ಕೈಗೆ ಕೊಟ್ಟಿತ್ತು. ಸರಕಾರ ಹೋಯಿತು, ಗೌಡಕಿಯೂ ಹೋಯಿತು. ನಮ್ಮ ಬುದ್ಧಿ ಮಾತ್ರ ಹೋಗಲಿಲ್ಲ ನೋಡಿ! ಜಗಳವಾದರೆ ಗೌಡರ ಮಂಚದ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದೆವು. ವಾರವಿಡೀ ಪಾತ್ರೆ ತೊಳೆ ಎಂದರೆ ತೊಳೆಯುತ್ತಿದ್ದೆವು, ಖಲಾಸ್.

ಚೆನ್ನು ನಮ್ಮಲ್ಲಿ ವೆಲ್ಡರ್. ಅವನ ತಾಯಿ ಊರಿನ ಆಸ್ಪತ್ರೆಯಲ್ಲಿದ್ದಳು. ಅದೇ ಚಿಂತೆಯಲ್ಲಿ ತಲೆ ಕೆಟ್ಟು, ಒಂದು ಶುಕ್ರವಾರ ಬೆಳಿಗ್ಗೆ ಅಡುಗೆ ಸರದಿಯ ಮಾತಿಗೆ ಶಿವಕುಮಾರನ ಕೆನ್ನೆಗೆ ಬಾರಿಸಿದ. ಗೌಡರು ತೀರ್ಪು ಹೇಳಿದರು: ಇಪ್ಪತ್ತನಾಲ್ಕು ತಾಸು ಅಕ್ಕಿ ಇಡುವ ಕೋಣೆಯಲ್ಲಿರಬೇಕು, ಫೋನು ಹೊರಗೆ. ಆ ಕೋಣೆಗೆ ಚಿಲಕವೇ ಇರಲಿಲ್ಲ. ಚೆನ್ನು ತಾನಾಗಿಯೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಮಧ್ಯಾಹ್ನ ಫ್ರಿಜ್ಜಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ತಂಗಿಯ ಹೆಸರು ಕಾಣುತ್ತಿತ್ತು.

"ಗೌಡ್ರ, ಒಂದ ಸಲ ಮಾತಾಡ್ಲೇನ್ರಿ?" ಎಂದು ಚೆನ್ನು ಒಳಗಿನಿಂದ ಕೇಳಿದ.

"ಕಾಯ್ದೆ ಅಂದ್ರ ಕಾಯ್ದೆ. ನಾಳಿ ಮಾತಾಡೀಯಂತ," ಎಂದರು ಗೌಡರು.

ಮತ್ತೆ ನಾಲ್ಕು ಸಲ ಬಂತು. ನಾನು ಅಲ್ಲೇ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಕೈ ಚಾಚಿದರೆ ಫೋನು ಸಿಗುತ್ತಿತ್ತು. ಥೂ ನನ್ನ, ಚಾಚಲಿಲ್ಲ.

ಮರುದಿನ ಫೋನು ಅವನ ಕೈಗೆ ಬರುವ ಹೊತ್ತಿಗೆ ತಾಯಿಯನ್ನು ಮಣ್ಣು ಮಾಡಿಯಾಗಿತ್ತು. ಮಗನ ದನಿ ಒಮ್ಮೆ ಕೇಳಿಸಿರಿ ಎಂದು ಕೊನೆಯ ಉಸಿರಿನ ತನಕ ಹಂಬಲಿಸಿದ್ದಳಂತೆ.

ಗೌಡರು ಊಟ ಬಿಟ್ಟರು. ನಾಲ್ಕನೆಯ ದಿನ, ಅರವತ್ತರ ಹತ್ತಿರದ ಆ ಮನುಷ್ಯ, ಚೆನ್ನುವಿನ ಮಂಚದ ಮುಂದೆ ಬಂದು ನಾವು ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ನಿಂತರು.

"ತಪ್ಪಾತಪಾ. ಏನ್ ಶಿಕ್ಷಾ ಕೊಡ್ತಿ ಕೊಡು."

ಚೆನ್ನು ತಲೆ ಎತ್ತಲಿಲ್ಲ. "ಶಿಕ್ಷಾ ಕೊಡೂ ಅಧಿಕಾರ ನನಗ್ಯಾರ ಕೊಟ್ಟಾರ್ರಿ, ಗೌಡ್ರ?" ಎಂದ.

ಗೌಡರು ಬಹಳ ಹೊತ್ತು ಹಾಗೆಯೇ ನಿಂತಿದ್ದರು.