ಸುಶೀಲಮ್ಮನ ಪಾರ್ಸಲ್ಲು

ವಿದ್ಯಾವತಿಗೆ ಕೆಲಸ ಮಾಡುವ ಪರವಾನಗಿ ಬಂದದ್ದು ೨೦೧೫ರಲ್ಲಿ, ಅವಳ ನಲವತ್ತಮೂರನೆಯ ವಯಸ್ಸಿನಲ್ಲಿ. ಅದಕ್ಕೂ ಹಿಂದಿನ ಎಂಟು ವರ್ಷ ಗಂಡ ಚಿದಾನಂದನ ವೀಸಾ ಹಿಡಿದುಕೊಂಡು ಡಲ್ಲಾಸ್ ಪಕ್ಕದ ಮೆಕಿನ್ನಿಯ ಮನೆಯಲ್ಲಿ ಕೂತಿದ್ದಳು. ಗದಗಿನಲ್ಲಿ ಹನ್ನೊಂದು ವರ್ಷ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸಿದ್ದಳು. ಆ ಸರ್ಟಿಫಿಕೇಟನ್ನು ಡಲ್ಲಾಸಿನಲ್ಲಿ ಯಾರೂ ಮೂಸಿ ನೋಡಲಿಲ್ಲ. ಕೊನೆಗೆ ಕರೆದು ಕೆಲಸ ಕೊಟ್ಟದ್ದು ಊರ ಹೊರಗಿನ ಒಂದು ಪಾರ್ಸಲ್ ಕಂಪನಿ. ಅವರು ಕೇಳಿದ್ದು ಎರಡೇ ಪ್ರಶ್ನೆ: ಎಪ್ಪತ್ತು ಪೌಂಡ್ ಎತ್ತುತ್ತೀಯಾ? ಸೋಮವಾರದಿಂದಲೇ ಬರುತ್ತೀಯಾ?

ಲಾರಿಯ ಟ್ರೇಲರಿನೊಳಗೆ ನಿಂತು ಬಾಕ್ಸುಗಳನ್ನು ಇಳಿಸಿ, ಓಡುವ ಬೆಲ್ಟಿನ ಮೇಲೆ ಇಡುವ ಕೆಲಸ. ಜುಲೈ ತಿಂಗಳಲ್ಲಿ ಒಳಗೆ ಹಂಚಿನ ಮೇಲೆ ನಿಂತಂತಹ ಕಾವು. ಕನ್ನಡ ಸಂಘದವರು ಕೇಳಿದರೆ ‘ಲಾಜಿಸ್ಟಿಕ್ಸ್ ಕಂಪನಿ’ ಎನ್ನುತ್ತಿದ್ದಳು. ಕೇಳಿದವರು ಅದನ್ನು ಕಂಪ್ಯೂಟರಿನ ಮುಂದೆ ಕೂರುವ ನೌಕರಿಯೆಂದುಕೊಂಡರೆ ತಿದ್ದುತ್ತಿರಲಿಲ್ಲ. ಸಂಘದ ಕಾರ್ಯಕ್ರಮಗಳಿಗೆ ಉದ್ದ ತೋಳಿನ ಕುಪ್ಪಸ ಹಾಕಿಕೊಂಡು ಹೋಗುತ್ತಿದ್ದಳು, ಕೈಮೇಲಿನ ಗೀರುಗಳು ಕಾಣಬಾರದೆಂದು.

ವರ್ಷ ತುಂಬುವುದರೊಳಗೆ ಬಲಭುಜ ಹಿಡಿದುಕೊಂಡಿತು. ಸೂಪರ್‌ವೈಸರ್ ಯೊಲಾಂಡಾ ಅವಳನ್ನು ಒಡೆದ ಬಾಕ್ಸುಗಳ ಮೇಜಿಗೆ ಹಾಕಿದಳು. ದಾರಿಯಲ್ಲಿ ಹರಿದ ಪಾರ್ಸಲ್ಲುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಒಳಗಿನ ಸಾಮಾನು ಬರೆದುಕೊಂಡು, ಹೊಸ ಬಾಕ್ಸಿಗೆ ತುಂಬಿ, ಟೇಪು ಸುತ್ತಿ ಮುಂದಕ್ಕೆ ಕಳಿಸಬೇಕು.

“ವಿಳಾಸ ಅಳಿಸಿಹೋಗಿದ್ದರೆ ಒಳಗೆ ಹುಡುಕು,” ಎಂದಿದ್ದಳು ಯೊಲಾಂಡಾ ಮೊದಲ ದಿನ. “ಸಿಕ್ಕ ಕೂಡಲೇ ನಿಲ್ಲಿಸು. ಉಳಿದದ್ದು ನಮ್ಮದಲ್ಲ.”

ಆ ಮೇಜಿನಲ್ಲಿ ವಿದ್ಯಾವತಿಗೆ ಸ್ವಲ್ಪ ಬೆಲೆ ಬಂತು. ಇಂಡಿಯಾದ ಬಾಕ್ಸುಗಳಿಂದ ಕಂದು, ಹಳದಿ ಪುಡಿ ಸುರಿದರೆ ಉಳಿದವರು ಹಿಂದೆ ಸರಿಯುತ್ತಿದ್ದರು. ಇವಳು ಮೂಸಿ, ಇದು ಗುರೆಳ್ಳು ಚಟ್ನಿ, ಇದು ಮೆಂತ್ಯದ ಹಿಟ್ಟು, ಹೆದರಬೇಡಿ ಎನ್ನುತ್ತಿದ್ದಳು. “ವಿದ್ಯಾನ ಕರೀರಿ” ಎಂದು ಯಾರಾದರೂ ಕೂಗಿದರೆ ಒಳಗೊಳಗೇ ಹಿಗ್ಗುತ್ತಿದ್ದಳು.

೨೦೧೭ರ ಮಾರ್ಚಿನಲ್ಲಿ ಧಾರವಾಡದಿಂದ ಒಂದು ಬಾಕ್ಸು ಬಂತು. ಉಪ್ಪಿನಕಾಯಿ ಬಾಟಲಿ ಒಡೆದು, ಎಣ್ಣೆ ಇಳಿದು, ಹೊರಗಿನ ವಿಳಾಸವೆಲ್ಲ ಕಲಸಿಹೋಗಿತ್ತು. ಒಳಗೆ ಶಾವಿಗೆ, ಸೇಂಗಾ ಚಟ್ನಿ, ಕಸೂತಿ ಹಾಕಿದ ಒಂದು ಕುಪ್ಪಸ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಎರಡು ಹಾಳೆಯ ಪತ್ರ. ಬಿಡಿಸಿದರೆ, ಹಳೆಯ ಕಾಲದವರು ಬರೆಯುವ ರೀತಿಯಲ್ಲಿ, ಮೇಲುಗಡೆಯೇ ಹೆಸರು ವಿಳಾಸ ಪೂರ್ತಿ ಇತ್ತು: ನಿಖಿತಾ, ಪೇರ್ಲ್ಯಾಂಡ್, ಟೆಕ್ಸಸ್. ಹ್ಯೂಸ್ಟನ್ನಿನ ಪಕ್ಕದ ಊರು.

ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಕೈಬರಹದ ಕನ್ನಡ ಪತ್ರ ಕಂಡು ಎಷ್ಟು ವರ್ಷವಾಗಿತ್ತೋ, ಕಣ್ಣು ತಾನಾಗಿ ಕೆಳಗಿನ ಸಾಲಿಗೆ ಇಳಿಯಿತು. ಆಮೇಲಿನದು ಕಣ್ಣಿನ ತಪ್ಪಲ್ಲ. ಯೊಲಾಂಡಾ ಬೆನ್ನು ತಿರುಗಿಸಿದ್ದಾಳೆಯೇ ಎಂದು ಒಮ್ಮೆ ನೋಡಿ, ಹಾಳೆ ಮಗುಚಿ, ಕೊನೆಯ ಸಹಿಯವರೆಗೂ ಓದಿದಳು.

ತಾಯಿ ಸುಶೀಲಮ್ಮ ಮಗಳಿಗೆ ಅಳಿಯನ ವಿಷಯ ಬರೆದಿದ್ದಳು: “ದುಷ್ಯಂತ ಮನಿ ಬಿಟ್ಟ ಹೋಗಿ ಐದ ತಿಂಗಳಾತು. ನೀ ಒಬ್ಬಾಕಿ ಹೆಂಗ ಇದ್ದೀ ಅಂತ ನನಗ ನಿದ್ದಿಲ್ಲ. ಅಂವಾ ಶಿಕಾಗೋಕ್ಕ ಕೆಲಸದ ಮ್ಯಾಲೆ ಹೋಗ್ಯಾನಂತ ಎಲ್ಲಾರಿಗೂ ಹೇಳೇನಿ. ನೀನಾಗಿ ಹೇಳೂತನಾ ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ.”

ವಿದ್ಯಾವತಿ ಪತ್ರವನ್ನು ಇದ್ದಂತೆಯೇ ಮಡಚಿ, ಕುಪ್ಪಸದ ಎಣ್ಣೆ ಒರೆಸಿ, ಹೊಸ ಬಾಕ್ಸು ಕಟ್ಟಿ ಕಳಿಸಿದಳು.

ಯುಗಾದಿಗೆ ಮೆಕಿನ್ನಿಯಲ್ಲಿ ಒಬ್ಬರ ಮನೆಯಲ್ಲಿ ಊಟ. ಅಡುಗೆಮನೆಯ ಕಟ್ಟೆಯ ಸುತ್ತ ಏಳೆಂಟು ಹೆಂಗಸರು ನಿಂತಿದ್ದರು. ಬೆಂಗಳೂರಿನ ನಳಿನಿ, ದೊಡ್ಡ ಕಂಪನಿಯಲ್ಲಿ ಮ್ಯಾನೇಜರು, ಕೇಳಿದಳು: “ಏನ್ ವಿದ್ಯಾ, ನಿಮ್ ಕಂಪನೀಲಿ ವರ್ಕ್ ಫ್ರಮ್ ಹೋಮ್ ಇಲ್ವಾ? ಯಾವಾಗ್ ನೋಡಿದ್ರೂ ಸುಸ್ತಾಗಿರ್ತೀರಲ್ಲ!”

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ವಿದ್ಯಾವತಿ ಕುಪ್ಪಸದ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಮಾತು ಬೇಸಿಗೆಯ ಸಂಘದ ಕಾರ್ಯಕ್ರಮದ ಕಡೆಗೆ ಹೊರಳಿತು. ಹ್ಯೂಸ್ಟನ್ನಿನಿಂದ ನಿಖಿತಾ, ದುಷ್ಯಂತ್ ಬಂದು ಜೋಡಿಯಾಗಿ ಹಾಡುತ್ತಾರೆ, ಎಷ್ಟು ಚೆಂದದ ಜೋಡಿ ಎಂದಳು ನಳಿನಿ.

“ಅವರಿಬ್ರೂ ಈಗ ಕೂಡಿ ಇಲ್ಲಲ್ರಿ,” ಎಂದುಬಿಟ್ಟಳು ವಿದ್ಯಾವತಿ. “ಅಂವಾ ಬಿಟ್ಟ ಹೋಗಿ ಐದ ತಿಂಗಳಾತು.”

ಸೌಟುಗಳು ನಿಂತವು. ಏಳೆಂಟು ಮುಖಗಳೂ ಅವಳ ಕಡೆ ತಿರುಗಿದವು. ಟೆಕ್ಸಸ್ಸಿಗೆ ಬಂದಮೇಲೆ ಅಷ್ಟು ಜನ ಒಟ್ಟಿಗೆ ಅವಳ ಮಾತಿಗೆ ಕಿವಿಗೊಟ್ಟದ್ದು ಅದೇ ಮೊದಲು. ನಿಮಗೆ ಹೇಗೆ ಗೊತ್ತು ಎಂದು ಕೇಳಿದಾಗ, “ನಮ್ಮ ಕಡೆಯವ್ರು, ಗೊತ್ತಾಗ್ತದ್ರಿ” ಎಂದಳು. ಮನೆಗೆ ಬರುವಾಗ ಅವಳು ಕಾರಿನ ಕಿಟಕಿ ಇಳಿಸಿಕೊಂಡು ಕೂತಳು. ಹೋಳಿಗೆ ಹೆಚ್ಚಾಯಿತು ಎಂದಳು ಚಿದಾನಂದನಿಗೆ.

ಮೂರು ವಾರ ಕಳೆದ ಮೇಲೆ ನಳಿನಿಯ ಫೋನು ಬಂತು. “ನೀವ್ ಹೇಳಿದ್ದು ನಿಜ ಕಣ್ರೀ. ಹ್ಯೂಸ್ಟನ್ ಮೀನಾಕ್ಷಿ ಗುಡೀಲಿ ಯಾರೋ ಆಂಟಿ ಆ ಹುಡುಗೀನ ಮುಖಕ್ಕೇ ಕೇಳಿಬಿಟ್ರಂತೆ. ಪಾಪ, ಅವಳು ಹೇಳಿದ್ದು ಅಮ್ಮನೊಬ್ರಿಗೇ ಅಂತೆ. ಅಮ್ಮನೇ ಹೊರಗೆ ಹಾಕಿದಾರೆ ಅಂತ ಈಗ ಅವರ ಫೋನೇ ತೆಗೀತಿಲ್ವಂತೆ.”

ವಿದ್ಯಾವತಿ ಫೋನ್ ಇಟ್ಟಳು. ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ಬರೆದು, ಆ ಮಾತನ್ನು ಉಳಿಸಿಕೊಂಡವಳು ಧಾರವಾಡದಲ್ಲಿ ಕೂತು ಮಗಳ ಕರೆಗೆ ಕಾಯುತ್ತಿದ್ದಾಳೆ.

ಚಿದಾನಂದನಿಗೆ ಎಲ್ಲ ಹೇಳಿದಳು. ಅವನು, “ತಾಯಿ ಮಗಳು ಅಂದ್ಮ್ಯಾಲೆ ಇವತ್ತಲ್ಲ ನಾಳೆ ಕೂಡ್ತಾರ. ನೀ ಬಾಯಿ ಬಿಟ್ರ ನೌಕ್ರೀನೂ ಹೋಗ್ತದ, ಮಾನಾನೂ ಹೋಗ್ತದ,” ಎಂದ.

“ಮಾನ ಹೋಗೇತ್ರಿ,” ಎಂದಳು ಅವಳು. “ಗೊತ್ತಿದ್ದಾಕಿ ನಾ ಒಬ್ಬಾಕೀನ ಅಷ್ಟ.”

ಶನಿವಾರ ಬೆಳಗ್ಗೆ ಆರಕ್ಕೆ ಒಬ್ಬಳೇ ಹೊರಟಳು. ಡಲ್ಲಾಸ್ ದಾಟಿ ಅವಳು ಒಬ್ಬಳೇ ಡ್ರೈವ್ ಮಾಡಿದವಳಲ್ಲ. ಹ್ಯೂಸ್ಟನ್ನಿನ ಮೇಲುಸೇತುವೆಗಳಲ್ಲಿ ಎರಡು ಸಲ ದಾರಿ ತಪ್ಪಿ, ಪೇರ್ಲ್ಯಾಂಡಿನ ಆ ಮನೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ವಿಳಾಸ ಬರೆದುಕೊಂಡಿರಲಿಲ್ಲ. ಪತ್ರ ಅಷ್ಟೂ ಬಾಯಿಪಾಠವಾಗಿತ್ತು.

ಬಾಗಿಲು ತೆಗೆದವಳು ಮೂವತ್ತರ ಆಸುಪಾಸಿನ, ಕಣ್ಣಿನ ಸುತ್ತ ಕಪ್ಪುಗಟ್ಟಿದ ಹೆಣ್ಣುಮಗಳು. ಮನೆಯಲ್ಲಿ ಬೇರೆ ಯಾರೂ ಇದ್ದಂತಿರಲಿಲ್ಲ. ವಿದ್ಯಾವತಿ ಹೊಸ್ತಿಲಾಚೆಯೇ ನಿಂತು ಹೇಳಿದಳು. ಪಾರ್ಸಲ್ ಕಂಪನಿಯಲ್ಲಿ ಒಡೆದ ಬಾಕ್ಸು ಕಟ್ಟುವವಳು ತಾನು. ನಿಮ್ಮ ಅವ್ವನ ಪತ್ರ ಓದಿದ್ದೂ ತಾನೇ, ಯುಗಾದಿಯ ದಿನ ಅದನ್ನು ಹೊರಗೆ ಆಡಿದ್ದೂ ತಾನೇ. “ನಿಮ್ಮ ಅವ್ವಾರು ಯಾರಿಗೂ ಹೇಳಿಲ್ರಿ.”

ನಿಖಿತಾ ಬಾಗಿಲಿನ ಹಿಡಿ ಬಿಡಲಿಲ್ಲ. “ಪೂರಾ ಓದಿದ್ರೇನು?”

“ಪೂರಾ.”

“ವಿಳಾಸ ಮ್ಯಾಲೇ ಇತ್ತಲ್ರಿ.”

“ಇತ್ತು.”

“ಮತ್ತ ಯಾಕ?”

ಐದು ಗಂಟೆಯ ದಾರಿಯುದ್ದಕ್ಕೂ ವಿದ್ಯಾವತಿ ಇದಕ್ಕೊಂದು ಉತ್ತರ ಜೋಡಿಸಿಕೊಂಡು ಬಂದಿದ್ದಳು. “ಭಾಳ ವರ್ಷದ ಮ್ಯಾಲೆ ಕನ್ನಡ ಪತ್ರ ಕಂಡೆ...” ಎಂದು ಶುರುಮಾಡಿ, ತನ್ನ ದನಿ ತನಗೇ ಹೇಸಿಗೆಯಾಗಿ ನಿಲ್ಲಿಸಿದಳು. “ಓದಿದ್ದು ಅದಕ್ಕಿರಬಹುದು. ಹೇಳಿದ್ದು ಅದಕ್ಕಲ್ರಿ. ನಾಕ ಮಂದಿ ನನ್ನ ಕಡೆ ನೋಡ್ಲಿ ಅಂತ ಹೇಳ್ದೆ.”

ನಿಖಿತಾ ಒಳಗೆ ಹೋದಳು. ಬಾಗಿಲು ಅರ್ಧ ತೆರೆದೇ ಇತ್ತು. ಅವಳು ಧಾರವಾಡಕ್ಕೆ ಹಚ್ಚಿದ ಫೋನನ್ನು ಆ ಕಡೆ ಒಂದೇ ರಿಂಗಿಗೆ ಎತ್ತಿಕೊಂಡದ್ದು ಹೊರಗೂ ಕೇಳಿಸಿತು. ಆಮೇಲೆ “ಅವ್ವಾ” ಎಂಬ ಮಾತು, ಅಳು. ವಿದ್ಯಾವತಿ ಇಲ್ಲೂ ಕದ್ದು ಕೇಳಿದಂತಾಗುತ್ತದೆಂದು ಮೆಟ್ಟಿಲಿಳಿದು ಕಾರಿನ ಹತ್ತಿರ ಹೋಗಿ ಬಿಸಿಲಿನಲ್ಲಿ ನಿಂತಳು.

ಅರ್ಧ ಗಂಟೆಯಾದ ಮೇಲೆ ನಿಖಿತಾ ಮುಖ ತೊಳೆದುಕೊಂಡು ಹೊರಗೆ ಬಂದಳು.

“ಅಷ್ಟ ದೂರದಿಂದ ಬಂದಾರ, ಉಂಡ ಹೋಗ್ರಿ ಅನ್ನು ಅಂದ್ಲು ನಮ್ಮವ್ವ,” ಎಂದಳು. “ನಾ ಅನ್ನಂಗಿಲ್ರಿ.”

ಬಾಗಿಲು ಹಾಕಿಕೊಂಡಳು. ವಿದ್ಯಾವತಿಗೆ ಮಗಳ ಸಿಟ್ಟನ್ನು ಹೊರುವುದು ಕಷ್ಟವೆನಿಸಲಿಲ್ಲ. ಆ ತಾಯಿ ಉಣ್ಣಲು ಕರೆದದ್ದು ಮಾತ್ರ ವಾಪಸ್ಸು ಬರುವ ದಾರಿಯಲ್ಲಿ ಎದೆಯ ಮೇಲೆ ಕೂತಿತು. ದಾರಿಯಲ್ಲೊಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಅತ್ತಳು.

ಸೋಮವಾರ ಯೊಲಾಂಡಾಗೂ ಹೇಳಿದಳು. “ಯಾರೂ ದೂರು ಕೊಟ್ಟಿಲ್ಲವಲ್ಲ, ಯಾಕೆ ಹೇಳುತ್ತಿದ್ದೀಯ?” ಎಂದು ಯೊಲಾಂಡಾ ಅವಳ ಮುಖವನ್ನೇ ನೋಡಿದಳು. ಹೇಳಿಯಾದ ಮೇಲೆ ಬಿಡುವಂತಿರಲಿಲ್ಲ. ತಪ್ಪನ್ನು ಬರೆದು ವಿದ್ಯಾವತಿಯ ಸಹಿ ಹಾಕಿಸಿಕೊಂಡರು. ನೌಕರಿ ಹೋಗಲಿಲ್ಲ, ಮೇಜು ಹೋಯಿತು. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಮತ್ತೆ ಟ್ರೇಲರಿನೊಳಗೆ ಬಾಕ್ಸು ಇಳಿಸತೊಡಗಿದಳು. ಅತ್ತ ಕಡೆ ಇಂಡಿಯಾದ ಬಾಕ್ಸು ಒಡೆದು ಯಾರಾದರೂ ಅವಳ ಹೆಸರು ಕೂಗಿದರೆ, ಯೊಲಾಂಡಾ “ಬೇಡ” ಎನ್ನುವುದು ಬೆಲ್ಟಿನ ಸದ್ದಿನ ನಡುವೆಯೂ ಅವಳಿಗೆ ಕೇಳಿಸುತ್ತಿತ್ತು.

ಎರಡು ವರ್ಷದ ನಂತರ ಆಸ್ಟಿನ್ನಿನಲ್ಲಿ ಸಂಘದವರ ಒಂದು ಸಮಾವೇಶ ನಡೆಯಿತು. ಊಟದ ಸಾಲಿನಲ್ಲಿ ನಿಂತಿದ್ದ ವಿದ್ಯಾವತಿಗೆ ಎದುರಿನ ಮೇಜಿನಲ್ಲಿ ನಿಖಿತಾ ಕಂಡಳು. ಪಕ್ಕದಲ್ಲಿ ಬಿಳಿಗೂದಲಿನ, ಗುಂಡುಮುಖದ ಹೆಂಗಸೊಬ್ಬಳು ರೊಟ್ಟಿ ಮುರಿಯುತ್ತಾ ಏನೋ ಹೇಳಿ ನಗುತ್ತಿದ್ದಳು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ನಿಖಿತಾ ತಲೆ ಎತ್ತಿ ಇವಳನ್ನು ನೋಡಿದಳು, ಗುರುತು ಹಿಡಿದಳು, ತಾಯಿಗೆ ಏನೂ ಹೇಳದೆ ಮತ್ತೆ ತಟ್ಟೆಯ ಕಡೆ ತಿರುಗಿದಳು.

ವಿದ್ಯಾವತಿ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ಅಲ್ಲೇ ಇಟ್ಟು, ಸಾಲು ಬಿಟ್ಟು ಹೊರಗೆ ಹೋದಳು.