ಮೀಡಿಯಂ ಮಹಾರಾಣಿಯ ಪದಚ್ಯುತಿ

ಆ ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೀಡಿಯಂ ಎಂದೇ ಕರೆಯುತ್ತಿದ್ದರು. ಅದು ಬೈಗುಳವಲ್ಲ, ಬಿರುದು. ಬಿರುದು ಕೊಟ್ಟವರು ಕಟಿಂಗ್ ಮಾಸ್ಟರು.

ನರ್ಸುಗಳಿಗೆ, ಅಂಗಡಿಯ ಹುಡುಗಿಯರಿಗೆ, ಪ್ರಯೋಗಾಲಯದವರಿಗೆ ಕೋಟು ಹೊಲಿಯುವ ಕಾರ್ಖಾನೆ ಅದು. ಹೊಸ ನಮೂನೆ ಬಂದಾಗಲೆಲ್ಲ ಮೊದಲ ಕೋಟನ್ನು ಒಂದು ಮೈಮೇಲೆ ಹಾಕಿ ನೋಡಬೇಕು. ಬೇರೆ ಕಡೆ ಇದಕ್ಕೆ ಬಟ್ಟೆ ಸುತ್ತಿದ ಗೊಂಬೆ ಇರುತ್ತದೆ. ಇಲ್ಲಿನ ಮಾಸ್ಟರಿಗೂ ಗೊಂಬೆಗೂ ಎಣ್ಣೆ ಸೀಗೇಕಾಯಿ ಸಂಬಂಧ. "ಅದು ಕೂರಲ್ಲ, ಏಳಲ್ಲ, ಕೈ ಎತ್ತಲ್ಲ. ಅದಕ್ಕೆ ಹೊಲಿದ ಕೋಟು ಅದೇ ಹಾಕ್ಕೊಂಡು ಡ್ಯೂಟಿಗೆ ಹೋಗ್ಲಿ," ಎಂದು ಅದನ್ನು ಉಗ್ರಾಣಕ್ಕೆ ಅಟ್ಟಿದ್ದರು. ಆಮೇಲೆ ಕಾರ್ಖಾನೆಯ ಉದ್ದಗಲಕ್ಕೂ ಕಣ್ಣು ಹಾಯಿಸಿ, ಗುಂಡಿಯ ಕಾಜಾ ಹಾಕುವ ಯಂತ್ರದ ಮುಂದೆ ತಲೆ ಬಗ್ಗಿಸಿ ಕೂತಿದ್ದ ಇವಳನ್ನು ಕಂಡುಹಿಡಿದರು. ಭುಜ, ಎದೆ, ಸೊಂಟ, ಎಲ್ಲವೂ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಮಧ್ಯಮ.

ಅಂದಿನಿಂದ ಅವಳ ಪಟ್ಟಾಭಿಷೇಕ. ಸಿಂಹಾಸನವೆಂದರೆ ಕನ್ನಡಿಯ ಮುಂದಿನ ಗಿಡ್ಡ ಸ್ಟೂಲು. ಮಾಸ್ಟರು ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ಅವಳ ಸುತ್ತ ಸುತ್ತುತ್ತಿದ್ದರು. ಅವರ ಸೀಮೆಸುಣ್ಣ ಎಲ್ಲಿ ಗೀರಿತೋ ಅದೇ ಮೀಡಿಯಂ. ಅದಕ್ಕೆ ಕಳೆದರೆ ಸ್ಮಾಲು, ಕೂಡಿದರೆ ಲಾರ್ಜು. ಅವಳು ಕಾಣದ ಊರುಗಳ ಹೆಂಗಸರೆಲ್ಲ ಬೆಳಗಾದರೆ ಅವಳ ಸೊಂಟದ ಆಜ್ಞೆಯಂತೆ ಗುಂಡಿ ಹಾಕಿಕೊಳ್ಳುತ್ತಿದ್ದರು. ಓದಿನಲ್ಲಿ, ರೂಪದಲ್ಲಿ, ಮಾತಿನಲ್ಲಿ ಯಾರೂ ಅವಳನ್ನು ತಿರುಗಿ ನೋಡಿದವರಲ್ಲ. ಆ ಸ್ಟೂಲಿನ ಮೇಲೆ ಮಾತ್ರ ಅವಳು ಚಕ್ರವರ್ತಿನಿ.

ಒಂದು ಬೇಸಿಗೆಯಲ್ಲಿ ಯಂತ್ರಗಳು ಅವಳ ಬಗ್ಗೆ ಮಾತಾಡಲು ಶುರುಮಾಡಿದವು.

ಮೊದಮೊದಲು ಪಿಸುಮಾತು, ಆಮೇಲೆ ಬಹಿರಂಗ ನಿಂದೆ. ಮನೆಯ ನಲ್ಲಿಯೂ ಅವುಗಳ ಪಕ್ಷ ಸೇರಿತು. ಅವಳು ನಲ್ಲಿಯ ಬಾಯಿಗೆ ಚಿಂದಿ ತುರುಕಿದಳು, ನಿದ್ದೆ ಬಿಟ್ಟಳು, ಕೊನೆಗೊಂದು ದಿನ ಕತ್ತರಿ ಹಿಡಿದು, ಓಡುತ್ತಿದ್ದ ಯಂತ್ರದ ವಿದ್ಯುತ್ ತಂತಿ ಕತ್ತರಿಸಲು ಹೋದಳು. ಸುದ್ದಿ ಕೇಳಿ ಓಡಿಬಂದು ಅವಳನ್ನು ತಬ್ಬಿ ಎಳೆದುಕೊಂಡು ವೈದ್ಯರ ಹತ್ತಿರ ಕರೆದೊಯ್ದದ್ದು ಅಕ್ಕ.

ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಆಗಮನ ನಿರ್ಗಮನ ಸಾರುವವಳು. ಮನೆಯಲ್ಲೂ ಎಲ್ಲವನ್ನೂ ಎರಡೆರಡು ಸಲ ಹೇಳುವ ಚಾಳಿ. "ಮಾತ್ರೆ ತಗೊಂಡ್ಯಾ? ಮಾತ್ರೆ ತಗೊಂಡ್ಯಾ?"

ಮಾತ್ರೆ ಕೆಲಸ ಮಾಡಿತು. ಬಾಡಿಗೆ ಕೊಡದೆ ತಲೆಯೊಳಗೆ ಬೀಡುಬಿಟ್ಟಿದ್ದ ದನಿಗಳೆಲ್ಲ ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಖಾಲಿಯಾದ ಮನೆಗೆ ಹಸಿವು ಬಂದು ಸೇರಿತು. ಅದು ನಮ್ಮ ನಿಮ್ಮಂಥವರ ಹಸಿವಲ್ಲ, ಊಟ ಮುಗಿಸಿ ಕೈ ತೊಳೆಯುವಾಗಲೇ ಬಾಗಿಲು ಬಡಿಯುವ ಹಸಿವು. ಬ್ರೆಡ್ಡು, ಬಾಳೆಹಣ್ಣು, ಬಿಸ್ಕತ್ತು ಎಲ್ಲವೂ ಅದರ ಮುಂದೆ ಶರಣಾಗತವಾದವು. ವೈದ್ಯರು ಮೊದಲೇ ಹೇಳಿದ್ದರು: "ಹಸಿವು ಜಾಸ್ತಿ ಆಗಬಹುದು, ತೂಕ ಏರಬಹುದು. ಏರಿದ್ರೆ ನನಗೆ ಹೇಳಿ. ನೀವಾಗೇ ಮಾತ್ರೆ ನಿಲ್ಲಿಸಬೇಡಿ." ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಅವಳು ಹೇಳಲಿಲ್ಲ.

ಕಾರ್ಖಾನೆಗೆ ಮರಳಿ ಸ್ಟೂಲು ಹತ್ತಿದಾಗ ಉಸಿರು ಬಿಗಿಹಿಡಿದಳು. ಆದರೂ ಗುಂಡಿ ಕಾಜಾದ ಹತ್ತಿರ ಬಂದು ನಾಚಿ ನಿಂತಿತು. ಮಾಸ್ಟರು ಹುಬ್ಬು ಗಂಟಿಕ್ಕಿ, "ಈ ಸಲದ ಬಟ್ಟೆ ಕುಗ್ಗಿದೆ," ಎಂದು ತೀರ್ಪು ಕೊಟ್ಟು ಒಂದು ಬೆರಳಗಲ ಹೆಚ್ಚಿಗೆ ಗೀರಿದರು. ಮುಂದಿನ ನಮೂನೆಗೆ ಇನ್ನೊಂದು ಬೆರಳು. ತಪ್ಪು ಗಿರಣಿಯದಾಯಿತು, ಇಸ್ತ್ರಿಯ ಹಬೆಯದಾಯಿತು, ಮೊಂಡಾದ ಸೀಮೆಸುಣ್ಣದ್ದೂ ಆಯಿತು. ಅವಳ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅವಳನ್ನು ಅನುಮಾನಿಸುವುದೆಂದರೆ ತಮ್ಮ ಕಣ್ಣನ್ನೇ ಅನುಮಾನಿಸಿದಂತೆ. ಹೀಗೆ ಒಂದು ಹನಿ ರಕ್ತ ಚೆಲ್ಲದೆ ಸಾಮ್ರಾಜ್ಯ ವಿಸ್ತರಿಸಿತು. ಮೀಡಿಯಮ್ಮಿನ ಜೊತೆ ಸ್ಮಾಲೂ ಉಬ್ಬಿತು, ಲಾರ್ಜಂತೂ ಡೇರೆಯಾಯಿತು.

ಒಂದು ಬೆಳಿಗ್ಗೆ ಆಸ್ಪತ್ರೆಯೊಂದರ ಹಿರಿಯ ನರ್ಸು ಕೋಟು ತೊಟ್ಟುಕೊಂಡೇ ಕಾರ್ಖಾನೆಗೆ ನುಗ್ಗಿದಳು. ತೋಳಿನೊಳಗೆ ಅವಳ ಬೆರಳುಗಳು ಕಾಣೆಯಾಗಿದ್ದವು. "ನೋಡಿ ಇದನ್ನ! ಮೀಡಿಯಂ ಅಂತೆ. ಇದರಲ್ಲಿ ನಾನೂ ನನ್ನ ಗಂಡನೂ ಒಟ್ಟಿಗೆ ಡ್ಯೂಟಿ ಮಾಡಬಹುದು." ಹಿಂದೆಯೇ ವಾಪಸಾದ ಕೋಟುಗಳ ಮೂಟೆ ಬಂತು.

ಕಾರ್ಖಾನೆಯ ಯಜಮಾನಿ ಟೇಪು ತೆಗೆದುಕೊಂಡು ನೇರವಾಗಿ ಮೀಡಿಯಂ ನಿಂತಿದ್ದ ಸ್ಟೂಲಿನ ಬಳಿಗೆ ನಡೆದಳು. ಅಷ್ಟು ವರ್ಷಗಳಲ್ಲಿ ಯಾರೂ ಮಾಡದ ಕೆಲಸ ಮಾಡಿದಳು, ಅಳತೆಗೋಲನ್ನೇ ಅಳೆದಳು.

"ಟೇಪು ಹಳೇದು," ಎಂದರು ಮಾಸ್ಟರು.

ಹೊಸ ಟೇಪು ಬಂತು. ಅದೂ ಅದೇ ಸಾಕ್ಷಿ ನುಡಿಯಿತು. ಯಂತ್ರಗಳೆಲ್ಲ ನಿಂತಿದ್ದವು. ಹಿಂದಿನ ಸಾಲಿನಿಂದ ಯಾರೋ, "ಏನಮ್ಮಾ, ಸಿಹಿ ಸುದ್ದಿನಾ? ನಮಗೆಲ್ಲ ಹೇಳಲೇ ಇಲ್ಲ!" ಎಂದಳು. ನಗು ಸಾಲಿನಿಂದ ಸಾಲಿಗೆ ಹರಿಯಿತು. ಮದುವೆಯಿಲ್ಲದ ಅವಳು ಸ್ಟೂಲಿನ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ, ಎಲ್ಲರಿಗೂ ಕಾಣುವಂತೆ ನಿಂತಿದ್ದಳು.

ಯಜಮಾನಿ ಕೆಟ್ಟವಳಲ್ಲ. "ಮುಂದಿನ ನಮೂನೆ ಬರೋ ಹೊತ್ತಿಗೆ ಮೊದಲಿನ ಹಾಗಾಗು. ಇಲ್ಲಾಂದ್ರೆ ಗೊಂಬೇನ ಹೊರಗೆ ತೆಗೀತೀನಿ. ಕಾಜಾ ಕೆಲಸ ಹೇಗೂ ಇದ್ದೇ ಇದೆ, ಹೆದರಬೇಡ," ಎಂದಳು. ಹೆದರಿಕೆ ಕಾಜಾ ಕೆಲಸದ್ದಲ್ಲ ಎಂದು ಯಜಮಾನಿಗೆ ಹೇಗೆ ತಿಳಿಯಬೇಕು?

ಮಹಾರಾಣಿ ಯುದ್ಧ ಸಾರಿದಳು. ಬಸ್ಸು ಬಿಟ್ಟು ನಡೆದಳು, ಮೆಟ್ಟಿಲು ಹತ್ತಿಳಿದಳು, ಬಿಸ್ಕತ್ತಿನ ಡಬ್ಬಿಯನ್ನು ಅಟ್ಟಕ್ಕೆ ಗಡಿಪಾರು ಮಾಡಿದಳು. ಮರುದಿನ ಏಣಿ ಹಾಕಿ ತಾನೇ ಬಿಡುಗಡೆಯನ್ನೂ ಮಾಡಿದಳು. ತೂಕ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಆಗ ಕಳ್ಳದಾರಿ ಹಿಡಿದಳು. ಅಕ್ಕ "ಬಾಯಿ ತೆಗಿ, ಬಾಯಿ ತೆಗಿ" ಎಂದು ಇಣುಕಿದಾಗ ಮಾತ್ರೆ ಕೆನ್ನೆಯ ಸಂದಿಯಲ್ಲಿ ಅಡಗಿರುತ್ತಿತ್ತು. ಕೆನ್ನೆಯಲ್ಲಿ ಈಗ ಜಾಗಕ್ಕೆ ಬರವಿರಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಉಗಿಯುತ್ತಿದ್ದಳು.

ಹಸಿವು ಇಳಿಯಿತು. ಸೊಂಟವೂ ಚೂರು ಕರಗಿತು. ಮಾಸ್ಟರು ಹಳೆಯ ಕೋಟೊಂದನ್ನು ಅವಳ ಮೈಮೇಲೆ ಹಿಡಿದು ನೋಡಿ, "ನಾ ಹೇಳ್ಲಿಲ್ವಾ? ಬಟ್ಟೆ ದಾರಿಗೆ ಬರ್ತಿದೆ," ಎಂದು ಬೀಗಿದರು.

ಅದೇ ಮಧ್ಯಾಹ್ನ ಕಾಜಾ ಯಂತ್ರ ಗಂಟಲು ಸರಿಮಾಡಿಕೊಂಡಿತು.

ಅವಳು ಕೇಳದವಳಂತೆ ಕಾಜಾದ ಮೇಲೆ ಕಾಜಾ ಹಾಕಿದಳು. ಯಂತ್ರ ಹೇಳಿತು: "ಇಳಿದ್ಯಾ? ಇನ್ನೂ ಇಳಿ. ಇಲ್ಲವಾಗೋ ತನಕ ಇಳಿ." ಅವಳು ಎದ್ದು ಚಪ್ಪಲಿಯನ್ನೂ ಮೆಟ್ಟದೆ ನೇರ ಬಸ್ ನಿಲ್ದಾಣಕ್ಕೆ ಓಡಿದಳು. ಅಲ್ಲಾದರೂ ತನ್ನವರ ದನಿ ಇರುತ್ತದೆ. ಇತ್ತು ಕೂಡ, ಅಕ್ಕನದೇ ದನಿ, ಧ್ವನಿವರ್ಧಕದಲ್ಲಿ, ಬಸ್ಸಿನ ಮಾತಿನ ನಡುವೆ ಅವಳ ಮೈಯ ಬಗ್ಗೆ ಹೇಸಿಗೆಯ ಮಾತು ಆಡುತ್ತಿತ್ತು. ಸುತ್ತ ಜನ ನೆಮ್ಮದಿಯಾಗಿ ಚೀಲ ಹೊತ್ತು ನಿಂತಿದ್ದರು.

ಗಾಜಿನ ಗೂಡಿನ ಬಾಗಿಲು ದೂಡಿ ಕೇಳಿದಳು: "ಅಕ್ಕಾ, ಈಗ ನನ್ನ ಬಗ್ಗೆ ಏನಂದೆ?"

"ನಿನ್ನ ಬಗ್ಗೆನಾ? ಮೂರನೇ ಅಂಕಣಕ್ಕೆ ಬಸ್ಸು ಬರುತ್ತೆ ಅಂದೆ ಕಣೇ." ಅಕ್ಕ ತಂಗಿಯ ಬರಿಗಾಲು ನೋಡಿದಳು, ಕಣ್ಣು ನೋಡಿದಳು. ಮೈಕು ಆರಿಸಿದಳು. "ಯಾವಾಗಿಂದ ಉಗೀತಿದ್ದೀಯ?"

ಅವಳು ಕಿವಿ ಮುಚ್ಚಿಕೊಂಡಳು, ಅಕ್ಕ ಆ ಕೈಗಳನ್ನು ಬಿಡಿಸಿದಳು.

"ನೀನು ಎಷ್ಟು ಬೇಕಾದ್ರೂ ದಪ್ಪ ಆಗು, ಮಂಚ ಮುರಿದ್ರೆ ನೆಲದ ಮೇಲೆ ಮಲಗೋಣ. ಆದ್ರೆ ಆವತ್ತು ಕತ್ತರಿ ಹಿಡ್ಕೊಂಡಿದ್ದೆಯಲ್ಲ, ಅಂಥದ್ದು ಇನ್ನೊಂದು ಸಲ ನನ್ನ ಕೈಲಿ ನೋಡಕ್ಕಾಗಲ್ಲ."

"ನನಗೆ ಅಂತ ಇದ್ದದ್ದು ಆ ಸ್ಟೂಲು ಒಂದೇ ಅಕ್ಕಾ," ಎಂದಳು ಅವಳು. "ನಾನು ಸರಿಯಾಗಿದ್ದದ್ದು ಅಲ್ಲಿ ಮಾತ್ರ."

ಹೊರಗೆ ಬಸ್ಸುಗಳು ಯಾರೂ ಸಾರದೆ ಬಂದು, ಯಾರೂ ಸಾರದೆ ಹೋದವು. ಅಕ್ಕ ಅವಳನ್ನು ಮತ್ತೆ ವೈದ್ಯರ ಹತ್ತಿರ ಕರೆದುಕೊಂಡು ಹೋದಳು.

ವೈದ್ಯರು ಬೈಯಲಿಲ್ಲ. ಮೊದಲು ದನಿಗಳು ತೊಲಗಲಿ ಎಂದು ಅದೇ ಮಾತ್ರೆ ಮುಂದುವರಿಸಿದರು. ಆಮೇಲೆ ನಿಧಾನವಾಗಿ ಬೇರೊಂದಕ್ಕೆ ಬದಲಿಸಿದರು, ನಡಿಗೆ ಬಿಡಬೇಡಿ ಎಂದರು, ತಿನ್ನುವ ಹೊತ್ತು ಗೊತ್ತುಮಾಡಿದರು. ತೂಕ ಏರುವುದು ನಿಂತಿತು. ಒಂದಿಷ್ಟು ಇಳಿಯಿತು ಕೂಡ. "ಹಳೇ ಅಳತೆಗೆ ಬರ್ತೀನಾ ಡಾಕ್ಟ್ರೇ?" ಎಂದು ಕೇಳಿದಾಗ ಅವರು ಸುಳ್ಳು ಹೇಳಲಿಲ್ಲ. "ಬರದೇ ಇರಬಹುದು," ಎಂದರು.

ಹೊಸ ನಮೂನೆ ಬಂದ ದಿನ ಮಾಸ್ಟರು ಅವಳನ್ನು ಕೂಗಿದರು. ಅವಳು ಸ್ಟೂಲು ಹತ್ತಿದಳು. ಕೋಟು ಭುಜದವರೆಗೆ ಒಪ್ಪಿತು, ಸೊಂಟದಲ್ಲಿ ತಕರಾರು ತೆಗೆಯಿತು.

"ಉಸಿರು ಬಿಗಿ ಹಿಡಿ," ಮಾಸ್ಟರು ಪಿನ್ನಿನ ಸಂದಿಯಿಂದ ಪಿಸುಗುಟ್ಟಿದರು. "ಯಜಮಾನಿ ನೋಡ್ತಿದ್ದಾಳೆ. ಹಿಡಿ, ನಾನು ಸರಿಮಾಡ್ತೀನಿ."

ಅವಳು ಒಂದು ಕ್ಷಣ ಹಿಡಿದಳು. ಕನ್ನಡಿಯಲ್ಲಿ ಹಳೆಯ ಮಹಾರಾಣಿ ಒಮ್ಮೆ ಮಿಂಚಿ ಹೋದಳು. ಆಮೇಲೆ ಅವಳು ಉಸಿರು ಬಿಟ್ಟಳು. ಎರಡು ಪಿನ್ನು ನೆಲಕ್ಕೆ ಹಾರಿದವು.

"ನನ್ನಿಂದ ಆಗಲ್ಲ ಮಾಸ್ಟ್ರೇ. ಮಾತ್ರೆ ಬಿಡಲ್ಲ ನಾನು. ಗೊಂಬೆ ತರಿಸಿ."

ಮಾಸ್ಟರು ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ, ಕಿಟಕಿಯ ಕಡೆ ಮುಖ ಮಾಡಿ ನಿಂತರು. ಉಗ್ರಾಣದಿಂದ ಧೂಳು ಹಿಡಿದ ಗೊಂಬೆಯನ್ನು ಇಬ್ಬರು ಹೊತ್ತು ತಂದರು. ಅದಕ್ಕೆ ತಲೆಯೂ ಇರಲಿಲ್ಲ. ಕೋಟು ಅದಕ್ಕೆ ಒಂದೇ ಸಲಕ್ಕೆ ಕೂತಿತು.

ಅವಳು ಕಾಜಾ ಯಂತ್ರಕ್ಕೆ ಮರಳಿದಳು. "ಇನ್ಮೇಲೆ ನಿನ್ನ ಏನಂತ ಕರೆಯೋದು? ಲಾರ್ಜ್ ಅನ್ನೋಣ್ವಾ?" ಎಂದಳು ಪಕ್ಕದವಳು. ಎಲ್ಲರೂ ನಕ್ಕರು. ಎಲ್ಲರೂ ಮುಗಿಸಿದ ಮೇಲೆ ಅವಳೂ ನಕ್ಕಳು. ಮಾಸ್ಟರು ಅಂದಿನಿಂದ ಅವಳ ಸಾಲಿನ ಕಡೆ ಹಾಯುವುದನ್ನೇ ಬಿಟ್ಟರು.

ಸಂಜೆ ಮಾತ್ರೆ ನುಂಗಿ, ಕೇಳದಿದ್ದರೂ ಅಕ್ಕನ ಮುಂದೆ ಬಾಯಿ ತೆರೆದಳು. ಅಕ್ಕ ಒಳಗೆ ಇಣುಕಲಿಲ್ಲ. "ಮುಚ್ಚೇ, ಸೊಳ್ಳೆ ಹೋಗುತ್ತೆ," ಎಂದಳು. ಬಾಯಿ ಮುಚ್ಚಲು ಹೋದವಳಿಗೆ ತುಟಿ ಹತೋಟಿಗೆ ಸಿಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಅತ್ತಳು. ಅಕ್ಕ ಒಲೆ ಆರಿಸಿ ಪಕ್ಕದಲ್ಲಿ ಕೂತಳು. ಇಬ್ಬರಿಗೂ ಆ ಜಾಗ ಸ್ವಲ್ಪ ಇಕ್ಕಟ್ಟಾಯಿತು. ಇಬ್ಬರೂ ಏಳಲಿಲ್ಲ.