ಒದ್ದೆ ಅರಿವೆ ಸುತ್ತಿದ ಫೋನು

ಮೊಮ್ಮಗಳು ಹುಟ್ಟಿದ ಖುಷಿ ಮನೆಯೊಳಗೆ ಹಿಡಿಯಲಿಲ್ಲ, ಓಣಿಗೆಲ್ಲ ಹೇಳಿಕೊಂಡು ಬಂದೆ. ಸೊಸೆ ಬಾಣಂತನಕ್ಕೆ ಶಹಾಬಾದದ ತವರಿನಲ್ಲಿದ್ದಳು, ನಾನು ಚಿಂಚೋಳಿಯಲ್ಲಿ. ಕೂಸಿನ ಮುಖ ನೋಡಲು ಮಗ ಕೊಡಿಸಿದ ಫೋನೊಂದೇ ದಾರಿ.

ಕೂಸು ಕಣ್ಣು ಬಿಟ್ಟ ಹೊತ್ತಿಗೇ ಫೋನು ಬಂದ್ ಆದರೆ? ಆ ಅಂಜಿಕೆಗೆ ದಿನವಿಡೀ ಚಾರ್ಜಿಗೆ ಹಚ್ಚಿಯೇ ಇಡುತ್ತಿದ್ದೆ. ಮಾತಾಡುವಾಗಲೂ ವೈರು ತೆಗೆಯುತ್ತಿರಲಿಲ್ಲ. ಬೇಸಿಗೆ ಬೇರೆ, ಫೋನು ಕೈ ಸುಡುವಷ್ಟು ಕಾಯತೊಡಗಿತು. ಬಿಸಿಲುಗಾಲಕ್ಕೆ ನೀರಿನ ಗಡಿಗೆಗೆ ಒದ್ದೆ ಅರಿವೆ ಸುತ್ತುತ್ತೇವಲ್ಲ, ಹಾಗೆಯೇ ಫೋನಿಗೂ ಸುತ್ತಿದೆ. ವೈರು ಹಚ್ಚಿದಂತೆಯೇ ಇತ್ತು. ಎಂಥ ಉಪಾಯ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ಅಷ್ಟರಲ್ಲಿ ಸೊಸೆಯ ವಿಡಿಯೋ ಕಾಲ್ ಬಂತು. ಅರಿವೆ ಬಿಚ್ಚಿ ಫೋನು ಹಿಡಿದೆ.

“ಅತ್ತಿ, ನಿಮ್ಮ ಮಾರಿ ಮಬ್ಬ್ ಕಾಣಲತ್ತದ. ಏನ್ ಹತ್ಯದ ನೋಡ್ರಿ?”

“ನೀರು ಹತ್ತಿರಬೇಕವ್ವ. ಭಾಳ ಕಾಯ್ಲಿಕತ್ತಿತ್ತು, ಒದ್ದಿ ಅರಿವಿ ಸುತ್ತಿದ್ದೆ.”

“ಚಾರ್ಜಿಗಿ ಹಚ್ಚಿ?”

“ಹೂಂ ಮತ್ತ!”

ಹಿಂದಿನಿಂದ ಅವಳ ತಾಯಿ ತಲೆ ಹಾಕಿದರು. “ನಮ್ಮ ಬೀಗತಿ ಫೋನಿಗಿ ಬಾಣಂತನ ಮಾಡಾಕತ್ತಾರ! ಎಣ್ಣಿ ಹಚ್ಚಿಲ್ಲೇನ್ರಿ?”

ಅವರ ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಸೊಸೆ ನಗಲಿಲ್ಲ.

“ಮೊದಲ ಕೈ ಒರಸ್ಕೊಂಡು ಸ್ವಿಚ್ ಬಂದ್ ಮಾಡ್ರಿ. ವಿಡಿಯೋ ಕಾಲಿಗಿ ಬ್ಯಾಟರಿ ಭಾಳ ಖರ್ಚಾಗ್ತದ. ಚಾರ್ಜಿಗಿ ಹಚ್ಚಿ ಮಾತಾಡಿದ್ರ ಕಾಯದೇ ಏನ್ ಮಾಡ್ತದ? ನೀರ್ ಹೊಕ್ಕು ಕರೆಂಟ್ ಹೊಡದಿದ್ರ?” ಆಮೇಲೆ ದನಿ ತಗ್ಗಿಸಿದಳು. “ನಾಳಿ ಕೂಸು ಅಲ್ಲಿಗಿ ಬಂದ್ರ, ಅದರ ಬಾಜೂಕ ಫೋನ್ ಇಟ್ಟು ಹಿಂಗೇ ಮಾಡ್ತೀರೇನ್ರಿ ಅತ್ತಿ?”

ನನ್ನ ನಗು ಅಲ್ಲಿಗೇ ನಿಂತಿತು. ಕೈ ಒರೆಸಿಕೊಂಡು ಸ್ವಿಚ್ ಬಂದ್ ಮಾಡಲು ಫೋನನ್ನು ಕೆಳಗೆ ಮಾಡಿದೆ. ಆ ಹೊತ್ತು ಅವರಿಗೆ ನಮ್ಮ ಮನೆಯ ನೆಲದ ಫರಶಿಕಲ್ಲಷ್ಟೇ ಕಂಡಿರಬೇಕು. ಬೀಗರು ನಕ್ಕದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಹಡೆದವಳು ತನ್ನ ಕೂಸನ್ನು ನನ್ನ ಕೈಗೆ ಕೊಡಲು ಅಂಜುತ್ತಿದ್ದಾಳೆ ಎಂದು ತಿಳಿದಾಗ ಮಾತ್ರ ಎಲ್ಲಿ ಹೋಗಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತು.

ಫೋನು ಪೂರ್ತಿ ಒಣಗುವತನಕ ಚಾರ್ಜಿಗೆ ಹಚ್ಚಲಿಲ್ಲ. ಆಮೇಲೆ ನಾನೇ ಅವಳಿಗೆ ಕಾಲ್ ಮಾಡಿದೆ. “ಹೆಂಗ್ ಹಚ್ಚಬೇಕು, ಕಲಿಸವ್ವ.” ಅವಳು ಬಯ್ಯದೆ ಹೇಳಿಕೊಟ್ಟಳು. ಫೋನಿನ ಜೊತೆ ಬಂದ ಚಾರ್ಜರನ್ನೇ ಹಚ್ಚಬೇಕು, ಕೌದಿ ದಿಂಬಿನ ಮೇಲೆ ಇಡಬಾರದು, ಕವರ್ ತೆಗೆಯಬೇಕು. ಕಾಯ್ದರೆ ವೈರು ತೆಗೆದು ಸುಮ್ಮನೆ ಗಾಳಿಗೆ ಬಿಡಬೇಕು, ನೀರು ಮುಟ್ಟಿಸಬಾರದು.

ಕೂಸನ್ನು ಎತ್ತಿಕೊಂಡು ಮನೆಗೆ ಬಂದ ದಿನ ಸೊಸೆಯ ಕಣ್ಣು ಮೊದಲು ಹೋದದ್ದು ಪ್ಲಗ್ಗಿನ ಕಡೆಗೇ. ಫೋನು ತೊಟ್ಟಿಲಿನಿಂದ ದೂರ, ಬರಿಯ ಕಲ್ಲಿನ ಹಲಗೆಯ ಮೇಲೆ ಚಾರ್ಜ್ ಆಗುತ್ತಿತ್ತು. ಅಷ್ಟರಲ್ಲಿ ವಾಡಿಯಲ್ಲಿ ಕೆಲಸಕ್ಕಿದ್ದ ಮಗನ ಕಾಲ್ ಬಂತು. ನಾನು ಸ್ವಿಚ್ ಬಂದ್ ಮಾಡಿ, ವೈರು ತೆಗೆದು, ಆಮೇಲೆ ಎತ್ತಿದೆ. ಅವಳು ನೋಡುತ್ತಲೇ ನಿಂತಿದ್ದಳು.

“ಹಿಡೀರಿ ಅತ್ತಿ, ಕೈಕಾಲ್ ತೊಳಕೊಂಡ್ ಬರ್ತೀನಿ,” ಎಂದು ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು ಹೋದಳು. ಖುಷಿಗೆ ಕಣ್ಣು ತುಂಬಿ ಬಂತು. ಆದರೂ ಆ ಒದ್ದೆ ಅರಿವೆಯ ನಾಚಿಕೆಗೆ, ಅವಳು ತಿರುಗಿ ಬಂದಾಗ ತಲೆ ಎತ್ತಿ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.